ಕೆಂಪುಮೀಸೆ ನಾಯಕನ ಅರಮನೆ

ಬಳ್ಳಾರಿಯಲ್ಲಿ ಸಿನಿಮಾ ನೋಡುವವರಿಗೆಲ್ಲ ತಿಪ್ಪೇರುದ್ರಪ್ಪನ ಕೈ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವನು ಒಂದು ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂರುವವನು. ಕಿಂಡಿ ಅಂಗೈ ಅಗಲದ್ದು. ಅದರೊಳಗೆ ಕಾಣುವ ಕೈಗೆ ಜನ ನಮಸ್ಕಾರ ಹೇಳುತ್ತಿದ್ದರು, "ಅಣ್ಣಾ, ಒಂದೇ ಒಂದು ಬಾಲ್ಕನಿ" ಎಂದು ಬೇಡುತ್ತಿದ್ದರು, ಹೌಸ್‌ಫುಲ್ ಬೋರ್ಡು ಬಿದ್ದಾಗ ಅದೇ ಕೈಗೆ ಶಾಪವನ್ನೂ ಹಾಕುತ್ತಿದ್ದರು. ಆ ಜನವೇ ಮರುದಿನ ಬೀದಿಯಲ್ಲಿ ಎದುರಾದರೆ, "ಏ ಯಜಮಾನ, ಸರಿ ಅತ್ಲಾಗ" ಎಂದು ಸೈಕಲ್ ಗಂಟೆ ಬಾರಿಸಿ ಹೋಗುತ್ತಿದ್ದರು. ಅರ್ಧ ಆಯುಷ್ಯವನ್ನು ಹೀಗೆ ಕಳೆದ ಮನುಷ್ಯನಿಗೆ, ಒಮ್ಮೆಯಾದರೂ ಜನ ತನ್ನನ್ನು ತಲೆಯಿಂದ ಕಾಲಿನವರೆಗೆ ನೋಡಲಿ ಎನ್ನಿಸಿದರೆ ಅದನ್ನು ದುರಾಸೆ ಎನ್ನಲಾಗದು.

ಎಪ್ಪತ್ತಮೂರನೆಯ ಇಸವಿಯಲ್ಲಿ ಅವನು ಕುರುಗೋಡಿನಲ್ಲಿ ಒಂದು ಹಳೆಯ ಕಲ್ಲುಮನೆ ಕೊಂಡ. ಮಾರಿದವನು ಮೆಣಸಿನಕಾಯಿ ವ್ಯಾಪಾರಿ. ಅಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಪೇರಿಸಿದ್ದರಿಂದ ಯಾವ ಮೂಲೆಗೆ ಪೊರಕೆ ತಾಗಿದರೂ ಮನೆಮಂದಿಯೆಲ್ಲ ಸೀನುತ್ತಿದ್ದರು. ಮನೆಯ ಅಂದವೂ ವಿಚಿತ್ರವಾಗಿತ್ತು. ಮುಂದೆ ಒಂದು ಪಡಸಾಲೆ, ಪಕ್ಕದಲ್ಲಿ ಒಂದು ಕೋಣೆ, ಹೊಗೆ ಹೋಗಲೂ ದಾರಿಯಿಲ್ಲದ ಒಂದು ಅಡಿಗೆಮನೆ. ಹಿಂದೆ ಮಾತ್ರ ಕುಸ್ತಿ ಆಡಿಸಬಹುದಾದಷ್ಟು ವಿಶಾಲವಾದ ಕಲ್ಲುಹಾಸಿನ ಅಂಗಳ. ಅದರ ಸುತ್ತ ಆಳೆತ್ತರದ ಗೋಡೆ, ಗೋಡೆಯ ತುಂಬ ಕಬ್ಬಿಣದ ಬಳೆಗಳು, ನಡುವೆ ಮಾರುಗಟ್ಟಲೆ ಉದ್ದದ ಒಂದು ಕಲ್ಲುಬಾನಿ.

"ಎಂಥಾ ಮನಿ ತಗೊಂಡ್ರೀ ಇದು?" ಎಂದಳು ಹೆಂಡತಿ ಚನ್ನವೀರಮ್ಮ. "ಮಂದಿ ಇರಾಕ ಗುಬ್ಬಿಗೂಡು, ಗಾಳಿ ಆಡಾಕ ಅರಮನಿ!"

ತಿಪ್ಪೇರುದ್ರಪ್ಪನಿಗೆ ಕೇಳಿಸಿದ್ದು ಕೊನೆಯ ಪದವೊಂದೇ. ಅದು ಅವನ ತಲೆಯೊಳಗೆ ಹೋಗಿ, ಚೆನ್ನಾಗಿ ಚಾಪೆ ಹಾಸಿಕೊಂಡು ಮಲಗಿತು.

ಯುಗಾದಿ ಕಳೆದ ಮೇಲೆ ಮಗಳು ಪಾರಮ್ಮನನ್ನು ನೋಡಲು ಸಿರುಗುಪ್ಪದಿಂದ ಮರಿಬಸಪ್ಪ ತನ್ನ ಮಗನನ್ನು ಕರೆದುಕೊಂಡು ಬಂದ. ಹುಡುಗ ಗಾದಿಲಿಂಗಪ್ಪ ಪ್ರಾಥಮಿಕ ಸಾಲಿಯ ಮಾಸ್ತರ, ಮೆದು ಮಾತಿನವನು. ಪಕ್ಕದ ಚಹಾ ಹೋಟೆಲಿನ ಎರ್ರಣ್ಣ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿಯ ತಟ್ಟೆಗಳನ್ನು ತಂದಿಡುವುದರೊಳಗೆ ಹುಡುಗಿಗೂ ಹುಡುಗನಿಗೂ ಒಪ್ಪಿಗೆಯೆನ್ನುವುದು ಎಲ್ಲರಿಗೂ ತಿಳಿದುಹೋಯಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರಿಬಸಪ್ಪ ಮಿರ್ಚಿ ಕಡಿಯುತ್ತ ಮನೆತನದ ಮಾತು ತೆಗೆದ.

"ನಮ್ದು ಸಿರುಗುಪ್ಪದಾಗ ಸಾಗವಾನಿ ಕಂಬದ ಮನಿ ಐತ್ರಿ. ಮೊದಲಿಂದಾನೂ ದೊಡ್ಡ ಮನಿತನ. ನಮ್ಮಜ್ಜ ಅಂದ್ರ ಸರಕಾರದಾಗ ಭಾರಿ ಅಧಿಕಾರದ ಮನುಷ್ಯ. ಅಂವ ಹಿಡೀರಿ ಅಂದ್ರ ಹಿಡೀಬೇಕು, ಬಿಡ್ರಿ ಅಂದ್ರ ಬಿಡಬೇಕು, ಹಂಗಿತ್ತು. ಅಂದಂಗ, ಈ ನಿಮ್ಮ ಮನಿ ಮೊದಲು ಯಾರದ್ದಿತ್ರಿ?"

ಮೆಣಸಿನಕಾಯಿ ವ್ಯಾಪಾರಿಯದು ಎಂಬ ಮಾತು ತಿಪ್ಪೇರುದ್ರಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಸಾಗವಾನಿ ಕಂಬಗಳ ಮುಂದೆ ನಿಲ್ಲಲು ನಾಚಿ ಅದು ಹಿಂದಕ್ಕೆ ಹೋಯಿತು.

"ಪಾಳೇಗಾರರದ್ರಿ" ಎಂದ.

ಒಳಗೆ ಚನ್ನವೀರಮ್ಮನ ಕೈಯಿಂದ ಲೋಟ ಜಾರಿ ಟಣ್ಣೆಂದಿತು.

"ಹೌದಾ! ಯಾವ ಪಾಳೇಗಾರ್ರು?"

ಅದೇ ಹೊತ್ತಿಗೆ ತೊಲೆಯ ಮೇಲಿಂದ ಮೆಣಸಿನಕಾಯಿ ಪುಡಿ ಉದುರಿ ತಿಪ್ಪೇರುದ್ರಪ್ಪನ ಮೀಸೆಯ ಮೇಲೆ ಕುಳಿತಿತು. ಬೆರಳಿನಿಂದ ಒರೆಸಿ ನೋಡಿಕೊಂಡ. "ಕೆಂಪುಮೀಸಿ ನಾಯಕ್ರು" ಎಂದು ಹೇಳಿ, ಸೀನಿ, ಅದಕ್ಕೆ ಮುದ್ರೆ ಒತ್ತಿದ.

ಮರಿಬಸಪ್ಪ ಎದ್ದು ಅಂಗಳಕ್ಕೆ ಬಂದ. ಗೋಡೆಯ ಬಳೆಗಳು ಯಾತಕ್ಕೆಂದು ಕೇಳಿದ. ನಾಯಕರ ಕುದುರೆ ಕಟ್ಟಲಿಕ್ಕೆ ಎಂದಾಯಿತು. ಬಾನಿ?

"ರಾಣಿಯೋರು ಪನ್ನೀರಿನಾಗ ಜಳಕ ಮಾಡ್ತಿದ್ರಿ."

"ಇಷ್ಟುದ್ದದ ಬಾನಿಯಾಗ?"

"ರಾಣಿಯೋರು ಸ್ವಲ್ಪ ಉದ್ದ ಇದ್ರಿ" ಎಂದ ತಿಪ್ಪೇರುದ್ರಪ್ಪ.

ಮರಿಬಸಪ್ಪ ತಲೆದೂಗಿದ. ನಿಶ್ಚಯ ಇದೇ ಅಂಗಳದಲ್ಲಿ ಆಗಬೇಕು, ಬಳಗವನ್ನೆಲ್ಲ ಕರೆತಂದು ಅರಮನೆ ತೋರಿಸುತ್ತೇನೆ, ಕಾಲುನೋವಿನ ಮುದುಕಿ ನಮ್ಮವ್ವ ಹೊನ್ನೂರಮ್ಮನನ್ನೂ ಬಿಡುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದ.

ಖಾಲಿ ತಟ್ಟೆಗಾಗಿ ಕಾದು ನಿಂತಿದ್ದ ಎರ್ರಣ್ಣನಿಗೆ ತಟ್ಟೆ ಮರೆತೇಹೋಗಿತ್ತು. "ಅಬ್ಬಬ್ಬಾ! ಪಕ್ಕದಾಗ ಅರಮನಿ ಇಟ್ಕೊಂಡು ಇಷ್ಟು ದಿನ ಸಾದಾ ಚಾ ಮಾರಿದ್ನಲ್ಲಪ್ಪಾ!" ಎಂದುಕೊಂಡು ಹೋದವನು, ಸಂಜೆಗೆ ಹೋಟೆಲಿನ ಮುಂದೆ ಸುಣ್ಣದಲ್ಲಿ 'ನಾಯಕ ಸ್ಪೆಷಲ್ ಚಾ' ಎಂದು ಬರೆಸಿದ. ಸಾದಾ ಚಹಾಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಎರ್ರಣ್ಣ ಅದನ್ನು ಕೊಡುವಾಗ ತುಸು ಬಗ್ಗುತ್ತಿದ್ದ ಎಂಬುದೊಂದೇ.

ಸುದ್ದಿ ಸಂತೆಗೆ ಹೋಯಿತು, ಸಂತೆಯಿಂದ ಸುತ್ತಲ ಹಳ್ಳಿಗೆ ಹೋಯಿತು. ಜನ ಅರಮನೆ ನೋಡಲು ಬರತೊಡಗಿದರು. ಓಣಿಯ ಹುಲುಗಮ್ಮ ತನ್ನ ಸೊಸೆಯನ್ನು ಕರೆತಂದು, "ರಾಣಿ ಜಳಕದ ಬಾನಿ, ಮುಟ್ಟಿ ನಮಸ್ಕಾರ ಮಾಡವ್ವಾ, ಉಡಿ ತುಂಬಲಿ" ಎಂದು ಅರಿಸಿನ ಕುಂಕುಮ ಹಚ್ಚಿಸಿದಳು. ಅದರಲ್ಲಿ ಸೀರೆ ನೆನೆಹಾಕಿದ್ದ ಚನ್ನವೀರಮ್ಮ ಅವುಗಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ನೀರು ತೊಟ್ಟಿಕ್ಕಿಸುತ್ತ, ಪೂಜೆ ಮುಗಿಯುವವರೆಗೆ ಕಂಬದಂತೆ ನಿಲ್ಲಬೇಕಾಯಿತು.

ತಿಪ್ಪೇರುದ್ರಪ್ಪನಿಗೆ ಮಾತ್ರ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಬಳ್ಳಾರಿ ಬಸ್ಸಿನಲ್ಲಿ ಕಂಡಕ್ಟರನೇ, "ಅರಮನಿ ಯಜಮಾನ್ರು ಬಂದ್ರು, ಜಾಗ ಬಿಡ್ರೆಪಾ" ಎನ್ನುತ್ತಿದ್ದ. ಟಾಕೀಸಿನಲ್ಲಿ ಕಿಂಡಿಯೊಳಗೆ ಬಗ್ಗಿ ಮುಖ ನೋಡುವವರು ಹೆಚ್ಚಾದರು. ಅವನು ಟಿಕೆಟ್ಟಿನ ಜೊತೆಗೆ ನಾಯಕರ ಒಂದೊಂದು ಯುದ್ಧವನ್ನೂ ಕೊಡತೊಡಗಿದ್ದರಿಂದ ಸಾಲು ರಸ್ತೆಗೆ ಬಂತು. ಸಿನಿಮಾ ಮೊದಲಾದರೂ ಜನ ಹೊರಗೇ ಇರುವುದನ್ನು ಕಂಡು ಮ್ಯಾನೇಜರು ತಲೆ ಕೆರೆದುಕೊಂಡರು.

ಒಂದು ಬೆಳಿಗ್ಗೆ ಮೋಕ ಊರಿನಿಂದ ಜೋಗಪ್ಪ ಎಂಬವನು ಬಂದ. ಜರಿ ರುಮಾಲು, ಎದೆಯ ಮೇಲೆ ಶಲ್ಯ, ಗೋರಂಟಿ ಹಚ್ಚಿ ಕೆಂಪು ಮಾಡಿದ ಭಾರಿ ಮೀಸೆ. ಬಯಲಾಟದಲ್ಲಿ ರಾಜನ ಪಾತ್ರ ಮಾಡಿ ಮಾಡಿ ಅವನ ನಡಿಗೆಯೇ ರಾಜಠೀವಿಗೆ ತಿರುಗಿತ್ತು.

"ಕೆಂಪುಮೀಸಿ ನಾಯಕರ ಮರಿಮೊಮ್ಮಗ ನಾನು" ಎಂದು ಬಾಗಿಲಲ್ಲೇ ಗುಡುಗಿದ. "ಈ ವಂಶಕ್ಕ ನಾನೊಬ್ಬನೇ ಕುಡಿ. ನಮ್ಮ ಮುತ್ತಜ್ಜನ ಅರಮನಿ ಕಣ್ಣಾರೆ ನೋಡಿ ಹೋಗ್ತೀನಿ. ಊಟ ಎಷ್ಟೊತ್ತಿಗೆ?"

ತಿಪ್ಪೇರುದ್ರಪ್ಪ ಬಾಯಿ ತೆರೆದು ನಿಂತ. ಅಂಥ ನಾಯಕನೇ ಇರಲಿಲ್ಲ ಎಂಬುದನ್ನು ಈ ಲೋಕದಲ್ಲಿ ಅವನಷ್ಟು ಖಚಿತವಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೆ ಅದನ್ನು ಹೇಳುವ ಬಾಯಿಯೂ ಅವನಿಗಿರಲಿಲ್ಲ. "ಬರ್ರಿ, ಕುಂದರ್ರಿ" ಎಂದ. ಜೋಗಪ್ಪ ಕುಳಿತ. ಕುಳಿತವನು ಏಳಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ, ಸಂಜೆ ಎರ್ರಣ್ಣನ ಚಹಾ, ನಡುನಡುವೆ ಮುತ್ತಜ್ಜನ ಪ್ರತಾಪ.

"ನಿಮ್ಮ ಮುತ್ತಜ್ಜಾರು ಆನಿ ಮ್ಯಾಲ ಬರ್ತಿದ್ರು, ಅಲ್ರೀ?" ಎಂದು ತಿಪ್ಪೇರುದ್ರಪ್ಪ ಪರೀಕ್ಷಿಸಲೆಂದು ಕೇಳಿದರೆ, "ಬಿಳಿ ಆನಿ!" ಎಂದು ಜೋಗಪ್ಪ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದ. ಹೀಗೆ ಇಬ್ಬರೂ ಕೂಡಿ ನಾಯಕನಿಗೆ ಒಂದು ಸೈನ್ಯ ಕಟ್ಟಿದರು, ಮದುವೆಗಳನ್ನು ಮಾಡಿಸಿದರು. ಚನ್ನವೀರಮ್ಮ ರೊಟ್ಟಿ ತಟ್ಟುತ್ತ, "ಆ ನಾಯಕನ್ನ ಯುದ್ಧದಾಗ ಲಗೂನ ಸಾಯಿಸ್ರಿ, ಜ್ವಾಳ ಮುಗಿಯಾಕ ಬಂತು" ಎಂದು ಒಳಗಿನಿಂದ ಕೂಗಿದಳು.

ಇಷ್ಟಾದ ಮೇಲೆ ಜೀಪು ಬಂತು. ಹಳೆಯ ಕಟ್ಟಡಗಳ ಕೆಲಸ ನೋಡುವ ಒಬ್ಬ ಸಾಹೇಬರು ಇಳಿದರು. ಮೈಸೂರು ಕಡೆಯವರು, ಬಹಳ ಸಜ್ಜನರು. ಬಳೆಗಳನ್ನು ಸವರಿ, ಗೋಡೆಗೆ ಕಿವಿಯಿಟ್ಟು, "ಅದ್ಭುತ" ಎಂದರು. ತಿಪ್ಪೇರುದ್ರಪ್ಪನ ಎದೆ ಉಬ್ಬಿತು.

"ಇದು ನಿಜವಾಗಿ ಪಾಳೇಗಾರರ ಅರಮನೆಯೇ ಆಗಿದ್ದರೆ ಸರಕಾರ ಇದನ್ನು ಕಾಪಾಡಬೇಕಾಗುತ್ತದೆ."

"ಕಾಪಾಡ್ರಿ ಸಾಹೇಬ್ರ, ಅದಕ್ಕೇನಂತ!"

"ಇನ್ನು ಮೇಲೆ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಸುಣ್ಣ ಬಳಿಯುವ ಹಾಗಿಲ್ಲ. ಒಲೆ ಹಚ್ಚುವ ಹಾಗಿಲ್ಲ."

"ಮತ್ತ ಅಡಿಗಿ ಹೆಂಗ್ರಿ?"

"ನೀವು ಎಲ್ಲಿ ವಾಸ ಮಾಡುತ್ತೀರೋ ಅಲ್ಲಿ ಮಾಡಿಕೊಳ್ಳಿ."

"ನಾವು ಇಲ್ಲೇ ಇರ್ತೀವಲ್ರೀ!"

ಸಾಹೇಬರು ಮಗುವನ್ನು ನೋಡುವಂತೆ ನೋಡಿದರು. "ಅರಮನೆಯಲ್ಲಿ ಯಾರಾದರೂ ಇರುತ್ತಾರೇನ್ರೀ?"

ತಿಪ್ಪೇರುದ್ರಪ್ಪನ ಎದೆ ಬಂದ ದಾರಿಯಲ್ಲೇ ಒಳಗೆ ಹೋಯಿತು. "ಸಾಹೇಬ್ರ, ಖರೇ ಹೇಳ್ಬೇಕಂದ್ರ..." ಎಂದು ಶುರು ಮಾಡಿದ. ಅಷ್ಟರಲ್ಲಿ ಜೋಗಪ್ಪ ನಡುವೆ ನುಗ್ಗಿ ಕಾಲಪ್ಪಳಿಸಿ, "ಎಲೈ ಸಾರಥಿ! ಇದು ಕೆಂಪುಮೀಸಿ ನಾಯಕರ ಆಸ್ಥಾನ!" ಎಂದು ಬಯಲಾಟದ ಪದವನ್ನೇ ಎತ್ತಿದ. ಸಾಹೇಬರು ಕಣ್ಣು ಒರೆಸಿಕೊಂಡು, "ಜನರ ನೆನಪು ಎಷ್ಟು ಗಟ್ಟಿ ನೋಡಿ. ಬರುವ ಭಾನುವಾರ ಕ್ಯಾಮರಾ ತರುತ್ತೇನೆ, ನಿಮ್ಮ ಹೇಳಿಕೆ ತೆಗೆದುಕೊಳ್ಳುತ್ತೇನೆ" ಎಂದು ಜೀಪು ಹತ್ತಿದರು.

ಬರುವ ಭಾನುವಾರವೇ ನಿಶ್ಚಯ.

"ಈಗಿಂದೀಗ ಬಳ್ಳಾರಿಗೆ ಹೋಗಿ ಖರೇ ಹೇಳಿ ಬರ್ರಿ" ಎಂದಳು ಚನ್ನವೀರಮ್ಮ.

"ಹೆಂಗ ಹೇಳ್ಲೇ? ಸಿರುಗುಪ್ಪದ ಬಳಗೆಲ್ಲಾ ಅರಮನಿ ನೋಡಾಕಂತನ ಬರಾಕತ್ತೈತಿ. ಅರಮನಿ ಉಳಿದ್ರ ಮನಿ ಹೋಗತೈತಿ, ಮನಿ ಉಳಿದ್ರ ಸಂಬಂಧ ಹೋಗತೈತಿ."

"ಹಂಗಾರ ನೀವೇ ಎಲ್ಲ್ಯಾರ ಹೋಗ್ರಿ" ಎಂದು ಅವಳು ಹೋಳಿಗೆಯ ಬೇಳೆ ಆರಿಸಲು ಕುಳಿತಳು.

ಭಾನುವಾರ ಸಿರುಗುಪ್ಪದ ಬಳಗವೂ ಸಾಹೇಬರ ಜೀಪೂ ಒಂದರ ಹಿಂದೆ ಒಂದು ಬಂದವು. ಹೊನ್ನೂರಮ್ಮ ಮಾತ್ರ ಬಸ್ಸಿಳಿದವಳೇ, "ಮೊದಲು ದೊಡ್ಡ ಬಸವಣ್ಣಗ ಕೈಮುಗಿದು ಬರ್ತೀನಿ" ಎಂದು ಮೊಮ್ಮಗನ ತೋಳು ಹಿಡಿದು ಗುಡಿಯ ಕಡೆ ಹೋಗಿದ್ದಳು. ತಿಪ್ಪೇರುದ್ರಪ್ಪ ಬೀಗರನ್ನು ಪಡಸಾಲೆಯಲ್ಲಿ ಕೂರಿಸಿ, ಸಾಹೇಬರನ್ನು ಅಂಗಳಕ್ಕೆ ಸಾಗಿಸಿ, ನಡುವಿನ ಬಾಗಿಲು ಎಳೆದುಕೊಂಡ. ಆಮೇಲೆ ಅವನು ಓಡಿದ ಓಟವನ್ನು ಕುರುಗೋಡಿನವರು ಬಹಳ ದಿನ ನೆನೆದರು.

ಪಡಸಾಲೆಯಲ್ಲಿ ಅವನು, "ಇದೇ ನಾಯಕ್ರ ಆಸ್ಥಾನ, ಇಲ್ಲೇ ಕುಂತು ನ್ಯಾಯ ಹೇಳ್ತಿದ್ರು" ಎನ್ನುತ್ತಿದ್ದ. ಅಂಗಳಕ್ಕೆ ಓಡಿ ಬಂದು, "ಸಾಹೇಬ್ರ, ಇದೊಂದು ಮೆಣಸಿನಕಾಯಿ ಗೋದಾಮು ಅಷ್ಟರಿ" ಎನ್ನುತ್ತಿದ್ದ.

"ಇರಬಹುದು" ಎಂದರು ಸಾಹೇಬರು. "ಎಷ್ಟೋ ಅರಮನೆಗಳು ಕೊನೆಗೆ ಗೋದಾಮುಗಳಾಗಿವೆ."

"ಗ್ವಾಡಿ ನೋಡ್ರಿ, ಎಲ್ಲಾ ಒರಟು ಕಲ್ಲು."

"ಶತ್ರುಗಳ ಭಯ. ಕೋಟೆಯಂತೆ ಕಟ್ಟಿಸಿದ್ದಾರೆ."

"ರಾಣಿ ಬಾನಿ ಅಂತೂ ಸುಳ್ಳರಿ!"

"ಹೌದು, ರಾಣಿಯದಲ್ಲ" ಎಂದು ಸಾಹೇಬರು ಬಗ್ಗಿ ನೋಡಿ ಹೇಳಿದಾಗ ಅವನಿಗೆ ಜೀವ ಬಂತು. "ಇದು ಆನೆಗೆ ನೀರು ಕುಡಿಸುವ ಬಾನಿ."

"ಬಿಳಿ ಆನಿ!" ಎಂದ ಜೋಗಪ್ಪ.

ಒಮ್ಮೆ ಹೀಗೆ ಓಡುವಾಗ ಯಾವ ಕಡೆ ಯಾವ ಮಾತು ಎಂಬುದು ಅದಲುಬದಲಾಯಿತು. ಪಡಸಾಲೆಗೆ ನುಗ್ಗಿದವನು, "ಇದು ಬರೇ ಗೋದಾಮು, ದಯಮಾಡಿ ಬಿಟ್ಟುಬಿಡ್ರಿ!" ಎಂದು ಬೀಗರಿಗೆ ಕೈಮುಗಿದ. ಮರಿಬಸಪ್ಪ ಗಾಬರಿಯಾಗಿ ಎದ್ದು ನಡುಬಾಗಿಲು ತಳ್ಳಿ ಅಂಗಳಕ್ಕೆ ಬಂದ. ಅವನ ಹಿಂದೆ ಬಳಗ ಬಂತು, ಬಳಗದ ಹಿಂದೆ ಓಣಿ ಬಂತು. ಬಾನಿಗೆ ಕುಂಕುಮ ಹಚ್ಚುತ್ತ ಹುಲುಗಮ್ಮ ಮೊದಲೇ ಅಲ್ಲಿದ್ದಳು.

"ನೀವು ಈ ಮನೆಯ ಬೀಗರೋ? ಸಂತೋಷ" ಎಂದರು ಸಾಹೇಬರು. "ಈ ಅರಮನೆ ಇನ್ನು ಸರಕಾರದ ರಕ್ಷಣೆಗೆ ಬರುತ್ತದೆ. ಯಜಮಾನರು ಎಲ್ಲರೆದುರಿಗೆ ಒಂದು ಮಾತು ಹೇಳಿದರೆ ಮುಗಿಯಿತು."

"ನೋಡ್ರೆಪಾ!" ಮರಿಬಸಪ್ಪ ಬಳಗದ ಕಡೆ ತಿರುಗಿ ಬೀಗಿದ. "ನಮ್ಮ ಬೀಗರ ಮನಿ ಸರಕಾರ ಕೇಳಾಕತ್ತೈತಿ! ಹೇಳ್ರಿ ಬೀಗರೇ, ಕೆಂಪುಮೀಸಿ ನಾಯಕ್ರ ಅರಮನಿ ಅಂತ ಗಟ್ಟಿಯಾಗಿ ಹೇಳ್ರಿ."

ಊರೇ ತಿಪ್ಪೇರುದ್ರಪ್ಪನನ್ನು ನೋಡುತ್ತಿತ್ತು. ತಲೆಯಿಂದ ಕಾಲಿನವರೆಗೂ. ಅವನು ಅಡಿಗೆಮನೆಯ ಕಡೆ ನೋಡಿದ. ಕೈಗೆ ಹೂರಣ ಮೆತ್ತಿಕೊಂಡು ಚನ್ನವೀರಮ್ಮ ನಿಂತಿದ್ದಳು. ಆ ಒಲೆಯ ಮುಂದೆ ನಾಳೆ ಅವಳು ನಿಲ್ಲಲಾರಳು. ಅವಳ ಹೆಗಲಿನ ಹಿಂದೆ ಹೊಸ ಸೀರೆಯ ಪಾರಮ್ಮ.

"ಸುಳ್ಳು" ಎಂದ. "ಎಲ್ಲಾ ಸುಳ್ಳರಿ. ನಾಯಕನೂ ಇಲ್ಲ, ಅವನ ಮೀಸೀನೂ ಇಲ್ಲ. ನಾನೇ ಹುಟ್ಟಿಸಿದ್ದು."

ಮೊದಲು ಬಾಯಿ ಬಂದದ್ದು ಜೋಗಪ್ಪನಿಗೆ. "ಹಂಗಾರ ನಾ ಯಾರು?" ಎಂದು ಅವನು ಕಳವಳದಿಂದ ಕೇಳಿದ.

ಮರಿಬಸಪ್ಪನ ಮುಖ ಬಿರ್ರನೆ ಕೆಂಪಾಯಿತು. "ಸುಳ್ಳು ಹೇಳೋ ಮನಿ ಹೆಣ್ಣು ನಮಗ ಬ್ಯಾಡ. ನಮ್ಮದು ಅಂತಿಂಥ ಮನಿತನ ಅಲ್ಲ. ಏಳ್ರೆಪಾ" ಎಂದು ಬಾಗಿಲಿಗೆ ನಡೆದು ಚಪ್ಪಲಿಗೆ ಕಾಲು ತೂರಿಸಿದ.

"ಮಾವ," ಪಾರಮ್ಮ ಮುಂದೆ ಬಂದಳು. "ಅಪ್ಪ ಮನಿ ಬಗ್ಗೆ ಸುಳ್ಳು ಹೇಳ್ಯಾರ. ನನ್ನ ಬಗ್ಗೆ ಏನೂ ಸುಳ್ಳು ಹೇಳಿಲ್ರಿ."

ಮರಿಬಸಪ್ಪ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತ. ಆಗಲೇ ಮೊಮ್ಮಗನ ತೋಳು ಹಿಡಿದು ಹೊನ್ನೂರಮ್ಮ ಬಂದಳು. ಪಡಸಾಲೆ ದಾಟಿದಳು, ಅಂಗಳದ ಹೊಸ್ತಿಲಲ್ಲಿ ನಿಂತಳು, ಗೋಡೆ ನೋಡಿದಳು, ಬಾನಿ ನೋಡಿದಳು. ಬೊಚ್ಚುಬಾಯಿ ಅಗಲವಾಯಿತು.

"ಲೇ ಮರಿಬಸ್ಯಾ, ನನ್ನ ದೊಡ್ಡಿಗ್ಯಾಕ ಕರಕೊಂಡು ಬಂದೀಯೋ?"

"ದೊಡ್ಡಿ?" ಎಂದರು ಸಾಹೇಬರು.

"ದನದ ದೊಡ್ಡಿರಿ! ಮದ್ರಾಸ್ ಸರಕಾರದ ಕಾಲದ್ದು. ಮಂದಿ ಹೊಲ ಮೇದ ದನಾನ ಹಿಡಕೊಂಡು ಬಂದು ಇಲ್ಲೇ ಕೂಡಿ ಹಾಕ್ತಿದ್ರು. ಈ ಬಳೆಗೆಲ್ಲಾ ಎಮ್ಮಿ, ಕತ್ತೆ ಕಟ್ಟೋರು. ಈ ಬಾನಿಯಾಗ ನೀರು. ದಂಡ ಕೊಟ್ಟು ಬಿಡಿಸ್ಕೊಂಡು ಹೋಗಬೇಕು."

ಹುಲುಗಮ್ಮ ಬಾನಿಯ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಅವ್ವಾ, ಸುಮ್ನಿರು" ಎಂದ ಮರಿಬಸಪ್ಪ. ಅವನ ದನಿಯಲ್ಲಿ ಏನೋ ಹೆದರಿಕೆ ಇತ್ತು.

"ಯಾಕ ಸುಮ್ನಿರ್ಲಿ? ನಿಮ್ಮಜ್ಜ ಈ ದೊಡ್ಡಿ ಕಾಯ್ತಿದ್ದ. ನಿಮ್ಮಪ್ಪ ಹುಟ್ಟಿದ್ದು ಅಗೋ, ಆ ಮುಂದಿನ ಕ್ವಾಣ್ಯಾಗ."

"ಓಹೋ," ಎಂದ ಎರ್ರಣ್ಣ, "ಹಿಡೀರಿ ಅಂದ್ರ ಹಿಡಿಯೋದು, ಬಿಡ್ರಿ ಅಂದ್ರ ಬಿಡೋದು... ಎಮ್ಮೀನಾ?"

ಬಳಗದಲ್ಲಿ ಯಾರೋ ಕಿಸಕ್ಕೆಂದರು. ಹೊನ್ನೂರಮ್ಮ ಯಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಬಾನಿಯ ದಂಡೆಯ ಮೇಲೆ ಕುಳಿತಿದ್ದಳು. ಮುಖ ಹದಿನಾರರದ್ದಾಗಿತ್ತು.

"ನಾ ಇದೇ ಊರಿನಾಕಿ. ನಮ್ಮದೊಂದು ಎಮ್ಮಿ ಇತ್ತು, ಗಂಗಿ ಅಂತ. ಒಮ್ಮೆ ಜ್ವಾಳದ ಹೊಲಕ್ಕ ನುಗ್ಗಿ ಸಿಕ್ಕಿಬಿತ್ತು. ಬಿಡಿಸ್ಕೊಳ್ಳಾಕ ಅಳಕೋತ ಬಂದೆ. ಕಾಯೋನ ಮಗ, ಈ ಮರಿಬಸ್ಯಾನ ಅಪ್ಪ, ಬಾಗ್ಲದಾಗ ನಿಂತಿದ್ದ. 'ಅಳಬ್ಯಾಡ, ಹೊಡಕೊಂಡು ಹೋಗು, ಅಪ್ಪಗ ನಾ ಹೇಳ್ತೀನಿ' ಅಂದ. ದಂಡ ತಗೊಳ್ಳಲಿಲ್ಲ. ಮುಂದಿನ ವಾರ ಗಂಗಿ ಮತ್ತ ಸಿಕ್ಕಿಬಿತ್ತು. ಅದರ ಮುಂದಿನ ವಾರಾನೂ."

"ಅಷ್ಟು ತುಡುಗ ಎಮ್ಮೀನಾ ಅಜ್ಜಿ?" ಪಾರಮ್ಮ ಕೇಳಿದಳು.

"ಎಮ್ಮಿ ಪಾಪ ಬಂಗಾರದಂಥದ್ದು" ಎಂದಳು ಮುದುಕಿ. "ನಾನೇ ನುಗ್ಗಿಸ್ತಿದ್ದೆ, ಹೊಲದೊಳಗ."

ನಗು ಮೊದಲು ಚನ್ನವೀರಮ್ಮನಿಂದ ಹೊರಟಿತು. ಸಾಹೇಬರು ಕ್ಯಾಮರಾ ಹಿಡಿದುಕೊಂಡೇ ಬಾಗಿ ಬಾಗಿ ನಕ್ಕರು. ಬಳಗದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮರಿಬಸಪ್ಪ ಸುತ್ತ ನೋಡಿದ. ಈ ಮನೆಯನ್ನು ಬಿಟ್ಟು ಹೋದರೆ ತನ್ನ ಅಪ್ಪ ಹುಟ್ಟಿದ ಮನೆಯನ್ನೇ ಬಿಟ್ಟು ಹೋದಂತೆ. ಮೆಟ್ಟಿದ್ದ ಒಂದು ಚಪ್ಪಲಿಯನ್ನು ಕಳಚಿಟ್ಟ.

"ನನ್ನ ಮೊಮ್ಮಗನ ನಿಶ್ಚಯ ಇಲ್ಲೇ ಆಗ್ಲಿ, ಈ ಬಾನಿ ಬಾಜೂಕ" ಎಂದಳು ಹೊನ್ನೂರಮ್ಮ. "ಹುಡುಗಿ ಯಾವಾಕಿ? ಈಕೀನಾ? ಬಾರವ್ವಾ ಇಲ್ಲಿ." ಪಾರಮ್ಮನ ಗಲ್ಲ ಹಿಡಿದು, ಮೊಮ್ಮಗನ ಕಡೆ ನೋಡಿ, "ನೀ ಏನ್ ನಿಂತು ನೋಡ್ತೀಯಲೇ ಮಾಸ್ತರ, ಕುಂದರು" ಎಂದಳು. ಗಾದಿಲಿಂಗಪ್ಪ ಕುಳಿತ.

"ಸಾಹೇಬ್ರ, ಮತ್ತ ಮನಿ?" ತಿಪ್ಪೇರುದ್ರಪ್ಪ ಅಂಜುತ್ತ ಕೇಳಿದ.

"ಎಮ್ಮೆ ದೊಡ್ಡಿಗೆ ಸರಕಾರದ ರಕ್ಷಣೆ ಇಲ್ಲ. ನೀವೇ ಕಾಪಾಡಿಕೊಳ್ಳಿ" ಎಂದರು ಸಾಹೇಬರು. "ಅಡಿಗೆಮನೆಗೊಂದು ಹೊಗೆಗೂಡು ಹಾಕಿಸಿ. ಆಕೆಯ ಕಣ್ಣು ನೋಡಿ ಹೇಗಾಗಿವೆ."

"ಹೋಳಿಗಿ ಉಂಡು ಹೋಗ್ರಿ ಸಾಹೇಬ್ರ" ಎಂದಳು ಚನ್ನವೀರಮ್ಮ. ಒಲೆ ಉರಿಯುವ ಮನೆಯ ಹೋಳಿಗೆಯನ್ನು ಬೇಡವೆನ್ನುವುದು ಸರಕಾರದಿಂದಲೂ ಆಗಲಿಲ್ಲ.

ಶಾಸ್ತ್ರ ಮುಗಿಯಿತು. ಎಲೆ ಹಾಕಿದರು. ಎಲ್ಲರೂ ಕುಳಿತ ಮೇಲೆ ಕೊನೆಯ ಎಲೆಯ ಮುಂದೆ ಜೋಗಪ್ಪ ಬಂದು ನಿಂತ. ಜನ ಅವನನ್ನು ನೋಡಿದರು. ಅವನು ಮೀಸೆ ತೀಡಿ, ಗಂಭೀರವಾಗಿ, "ನಮ್ಮ ಮುತ್ತಜ್ಜನ ಕತ್ತೇನೂ ಇಲ್ಲೇ ಕೂಡಿ ಹಾಕಿದ್ರಂತ" ಎಂದು ಹೇಳಿ ಕುಳಿತ. ಚನ್ನವೀರಮ್ಮ ಅವನ ಎಲೆಗೆ ಹೋಳಿಗೆ ಹಾಕಿ, ಒಂದು ಮಿಳ್ಳೆ ತುಪ್ಪವನ್ನು ಹೆಚ್ಚಿಗೆ ಬಡಿಸಿದಳು.

ಸಂಜೆ ಬೀಗರನ್ನು ಬಸ್ಸಿಗೆ ಬಿಡಲು ಎಲ್ಲರೂ ಹೋದರು. ದಾರಿಯಲ್ಲಿ ಮರಿಬಸಪ್ಪ ತಿಪ್ಪೇರುದ್ರಪ್ಪನ ತೋಳು ಹಿಡಿದು ಬದಿಗೆ ಎಳೆದ.

"ಬೀಗರೇ, ಒಂದು ಮಾತು. ಸಿರುಗುಪ್ಪದಾಗ ಈ ದೊಡ್ಡಿ ಸುದ್ದಿ ಬ್ಯಾಡ್ರಿ. ನಾಯಕ್ರ ಅರಮನಿ ಅಂತಾನ ಇರ್ಲಿ. ನೀವೂ ಹಂಗ ಹೇಳ್ರಿ, ನಾನೂ ಹಂಗ ಹೇಳ್ತೀನಿ."

"ನನ್ನ ಕೈಲಿ ಆಗಂಗಿಲ್ರಿ" ಎಂದು ತಿಪ್ಪೇರುದ್ರಪ್ಪ ಕೈಮುಗಿದ. "ನಾಯಕ ಭಾಳ ಉಣ್ತಾನ."

"ಹೋಗ್ಲಿ, ನಾವಿಬ್ರೂ ಸುಮ್ನಿದ್ರ ಆತು. ಬಳಗದೋರ ಬಾಯಿ ನಾ ಮುಚ್ಚಿಸ್ತೀನಿ. ಇನ್ನ ಯಾರ್ ಹೇಳ್ತಾರ?"

ಬಸ್ಸು ಬಂತು. ಹೊನ್ನೂರಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಪಕ್ಕದಲ್ಲಿದ್ದ ಹೆಂಗಸು ಜರುಗಿ ಜಾಗ ಕೊಟ್ಟು, "ಯಾವೂರಿಗೆ ಹೋಗಿದ್ರಿ ಅಜ್ಜಿ, ಇಷ್ಟು ಖುಷಿಲೆ ಅದೀರಿ?" ಎಂದಳು. ಮುದುಕಿ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕುಳಿತು, ಎಲೆಅಡಿಕೆಯ ಸಂಚಿ ಬಿಚ್ಚಿದಳು. ಇಂಜಿನ್ ಸದ್ದಿಗಿಂತ ತನ್ನ ದನಿ ಮೇಲಿರಲೆಂದು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಡ್ರೈವರ್ ತಿರುಗಿ ನೋಡಿದ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕಂಬಿಗೆ ಒರಗಿದ. ಮರಿಬಸಪ್ಪ ಹಿಂದಿನ ಸೀಟಿನಿಂದ "ಅವ್ವಾ! ಅವ್ವಾ!" ಎಂದು ಕೂಗುತ್ತ ಜನರ ನಡುವೆ ನುಗ್ಗಿ ಬರಲು ನೋಡಿದ, ಯಾರೂ ದಾರಿ ಬಿಡಲಿಲ್ಲ.

ಬಸ್ಸು ಕುರುಗೋಡು ದಾಟುವುದರೊಳಗೆ ಗಂಗಿ ಜೋಳದ ಹೊಲಕ್ಕೆ ನುಗ್ಗಿಯಾಗಿತ್ತು.